100 ಎಂಬಿಪಿಎಸ್ ಇದ್ದರೂ ರಾತ್ರಿ ಎಂಟಾದರೆ ಟಿವಿಯಲ್ಲಿ ಬಫರಿಂಗ್: ಎಲ್ಲಿ ಹುಡುಕಬೇಕು?

ಸಾಗರದ ಮನೆ | ಭಾನುವಾರ, ರಾತ್ರಿ 10:48

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಎರಡು ವರ್ಷದಿಂದ ಮನೆಗೆ ಫೈಬರ್ ಸಂಪರ್ಕವಿದ್ದು, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ತಿಂಗಳ ಪ್ಲಾನ್ ಹಾಕಿಸಿದ್ದೇವೆ. ದೀಪಾವಳಿಯವರೆಗೂ ಟಿವಿಯಲ್ಲಿ ಏನನ್ನು ನೋಡಿದರೂ ತೊಂದರೆ ಇರಲಿಲ್ಲ. ಈಗ ಸುಮಾರು ಐದು ವಾರಗಳಿಂದ, ರಾತ್ರಿ ಎಂಟು ಗಂಟೆಯ ಹೊತ್ತಿಗೆ ಬಫರಿಂಗ್ ಶುರುವಾದರೆ ಹತ್ತೂವರೆಯವರೆಗೆ ಬಿಡುವುದಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಯಾವ ಸಮಸ್ಯೆಯೂ ಇಲ್ಲ.

ನನ್ನ ಅಮ್ಮನಿಗೆ ಈಗ ಮಂಡಿನೋವು ಇರುವುದರಿಂದ ಆಟ ನೋಡಲು ಊರೂರಿಗೆ ಹೋಗಲು ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ಬರುವ ಯಕ್ಷಗಾನದ ನೇರಪ್ರಸಾರವೇ ಅವರ ಪಾಲಿನ ಆಟ. ನಿನ್ನೆ ಕೌರವನ ಒಡ್ಡೋಲಗದ ಹೊತ್ತಿಗೆ ವೇಷಧಾರಿ ಒಂದು ಕಾಲನ್ನು ಎತ್ತಿದ ಸ್ಥಿತಿಯಲ್ಲಿಯೇ ನಿಂತುಬಿಟ್ಟರು, ಚಂಡೆಯ ಪೆಟ್ಟು ಅರ್ಧಕ್ಕೆ ತುಂಡಾಯಿತು, ಮತ್ತೆ ಚಿತ್ರ ಬರುವಷ್ಟರಲ್ಲಿ ಭಾಗವತರು ಮುಂದಿನ ಪದ್ಯಕ್ಕೆ ಹೋಗಿಯಾಗಿತ್ತು. ಎರಡು ಗಂಟೆಯಲ್ಲಿ ಹದಿನೇಳು ಸಲ ಹೀಗಾಯಿತೆಂದು ಅಮ್ಮ ಬೆರಳೆಣಿಸಿ ಹೇಳಿದರು.

ಸಂಪರ್ಕ ಕೊಟ್ಟವರಿಗೆ ಎರಡು ಸಲ ದೂರು ಕೊಟ್ಟೆ. ಅವರ ಹುಡುಗ ಬೆಳಿಗ್ಗೆ ಹತ್ತು ಗಂಟೆಗೆ ಬಂದು, ಜಗುಲಿಯಲ್ಲಿ ನಿಂತು ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, 92 ಬಂದಿರುವುದನ್ನು ತೋರಿಸಿ ಹೋದರು. ಹಾಗಾದರೆ ದೋಷ ಎಲ್ಲಿದೆ?

ಬಡಾವಣೆ ಬಸವ | 10:55

ರೂಟರ್ ಮತ್ತು ಟಿವಿ ಎರಡನ್ನೂ ಸ್ವಿಚ್ ಬೋರ್ಡಿನಲ್ಲಿಯೇ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ ನೋಡಿದ್ದೀರಾ?

ಸಾಗರದ ಮನೆ | 10:57

ದಿನವೂ ಮಾಡುತ್ತಿದ್ದೇವೆ. ಹೆಚ್ಚೆಂದರೆ ಹತ್ತು ನಿಮಿಷ ಸರಿಯಿರುತ್ತದೆ, ಆಮೇಲೆ ಮತ್ತೆ ಹಳೆಯದೇ ಕಥೆ.

ಹುಬ್ಬಳ್ಳಿ ಅಂಗಡಿ | 11:04

ಇಂದಿನ ಕಾಲಕ್ಕೆ 100 ಎಂಬಿಪಿಎಸ್ ಸಾಲುವುದಿಲ್ಲ. ಮನೆಯಲ್ಲಿ ನಾಲ್ಕು ಮೊಬೈಲ್, ಒಂದು ಟಿವಿ ಇದ್ದರೆ 300ರ ಪ್ಲಾನಿಗೆ ಹೋಗುವುದೇ ಉತ್ತಮ. ನನ್ನ ಅಂಗಡಿಗೆ ಬರುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಮೈಸೂರು ಮೇಷ್ಟ್ರು | 11:19

ಹುಬ್ಬಳ್ಳಿಯವರೇ, ಇದನ್ನು ಒಪ್ಪಲಾರೆ. ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಹೇಳುವ ಲೆಕ್ಕದ ಪ್ರಕಾರ 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, 4ಕೆ ಚಿತ್ರಕ್ಕೆ 15 ಸಾಕು. ಯೂಟ್ಯೂಬ್ 4ಕೆಗೆ 20 ಎಂದು ಹೇಳುತ್ತದೆ. ಆದ್ದರಿಂದ 100 ಎಂಬಿಪಿಎಸ್ ನಿಜವಾಗಿಯೂ ಟಿವಿಯವರೆಗೆ ತಲುಪುತ್ತಿದ್ದರೆ ಏಕಕಾಲಕ್ಕೆ ನಾಲ್ಕು 4ಕೆ ಟಿವಿಗಳು ಓಡಬಹುದು. ತಲುಪುತ್ತಿಲ್ಲವಾದರೆ, ಬಾಗಿಲಿಗೆ 300 ತಂದು ಸುರಿದರೂ ಒಳಮನೆಗೆ ಬರುವುದು ಅಷ್ಟೇ ಇರುತ್ತದೆ. ಎಲ್ಲಿ ಸೋರುತ್ತಿದೆ ಎಂದು ಅಳೆಯದೆ ಪ್ಲಾನ್ ಏರಿಸಬೇಡಿ ಎಂಬುದು ನನ್ನ ಕಳಕಳಿಯ ಮನವಿ.

ಇನ್ನೊಂದು ಮಾತು. ಟೆಸ್ಟಿನಲ್ಲಿ ಕಾಣುವುದು ಮೆಗಾಬಿಟ್, ಕಂಪ್ಯೂಟರಿನಲ್ಲಿ ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಇಳಿದರೆ ಮೋಸವೇನೂ ಆಗಿಲ್ಲವೆಂದು ತಿಳಿಯಬೇಕು.

ಜಾಲದ ಕೆಲಸದವನು | 11:31

ಸಾಗರದವರೇ, ನಾನು ಹದಿನಾಲ್ಕು ವರ್ಷದಿಂದ ಕಚೇರಿಗಳಿಗೆ ನೆಟ್‌ವರ್ಕ್ ಹಾಕುವ ಕೆಲಸದಲ್ಲಿದ್ದೇನೆ. ನಿಮ್ಮ ಟಿವಿಗೂ ಪ್ರಸಾರದ ಸರ್ವರಿಗೂ ನಡುವಿನ ದಾರಿಯಲ್ಲಿ ಮೂರು ತುಂಡುಗಳಿವೆ. ಟಿವಿಯಿಂದ ರೂಟರಿನವರೆಗೆ ಒಂದು, ರೂಟರಿನಿಂದ ಸಂಪರ್ಕ ಕೊಟ್ಟವರ ಕಚೇರಿಯವರೆಗೆ ಮತ್ತೊಂದು, ಅಲ್ಲಿಂದ ಸರ್ವರಿನವರೆಗೆ ಇನ್ನೊಂದು. ಮೂರನ್ನೂ ಒಟ್ಟಿಗೆ ಹಿಡಿದು ಜಗ್ಗಾಡಿದರೆ ಏನೂ ತಿಳಿಯುವುದಿಲ್ಲ, ಒಂದೊಂದಾಗಿ ಬಿಡಿಸಿ ನೋಡಬೇಕು.

ನಾಳೆ ರಾತ್ರಿ, ಚಿತ್ರ ನಿಲ್ಲುತ್ತಿರುವ ಹೊತ್ತಿನಲ್ಲಿಯೇ, ದಯವಿಟ್ಟು ಇಷ್ಟು ಮಾಡಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಲ್ಲಿ ನೇರವಾಗಿ ರೂಟರಿಗೆ ಸಿಕ್ಕಿಸಿ ವೇಗ ನೋಡಿ. ಅದೇ ಕ್ಷಣದಲ್ಲಿ ಟಿವಿಯ ಬ್ರೌಸರಿನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದು ಅಲ್ಲಿ ಬರುವ ಅಂಕಿಯನ್ನೂ ಬರೆದುಕೊಳ್ಳಿ. ಅದು ನೆಟ್‌ಫ್ಲಿಕ್ಸಿನವರದೇ ಪರೀಕ್ಷೆ, ವಿಡಿಯೊ ಬರುವ ಸರ್ವರುಗಳಿಂದಲೇ ಅಳೆಯುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಜಗುಲಿಯಲ್ಲಿ ನಿಂತು ಮೊಬೈಲಿನಲ್ಲಿ ಮಾಡಿದ ಪರೀಕ್ಷೆಯಿಂದ, ರಾತ್ರಿ ಒಳಮನೆಯ ಟಿವಿಗೆ ಏನಾಗುತ್ತಿದೆ ಎಂದು ಹೇಳಲು ಬರುವುದಿಲ್ಲ.

ಕರಾವಳಿ ಕೇಳುಗ | 11:46

ಯಕ್ಷಗಾನದ ವಿಷಯ ಬಂದುದರಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಾನು ಕುಂದಾಪುರದ ಕಡೆಯವನು, ಒಂದೆರಡು ಆಟಗಳ ನೇರಪ್ರಸಾರಕ್ಕೆ ಕ್ಯಾಮೆರಾ ಹಿಡಿದವರ ಜೊತೆ ಕುಳಿತಿದ್ದೇನೆ. ಆಟ ನಡೆಯುವುದು ಗದ್ದೆಯ ಬಯಲಿನಲ್ಲಿ ಅಥವಾ ದೇವಸ್ಥಾನದ ಎದುರಿನಲ್ಲಿ. ಅಲ್ಲಿಂದ ಯೂಟ್ಯೂಬಿಗೆ ಚಿತ್ರ ಹೋಗುವುದು ಬಹಳ ಸಲ ಮೊಬೈಲ್ ನೆಟ್‌ವರ್ಕಿನ ಮೂಲಕ. ಆಟ ರಂಗೇರಿ ಜನ ಸೇರಿದಂತೆಲ್ಲ ಅವರ ಕೈಯಲ್ಲಿರುವ ಮೊಬೈಲುಗಳೂ ಅದೇ ಟವರಿಗೆ ಅಂಟಿಕೊಳ್ಳುತ್ತವೆ, ಆಗ ಮೇಲಕ್ಕೆ ಕಳುಹಿಸುವ ವೇಗವೇ ಕುಸಿಯುತ್ತದೆ. ಆ ಹೊತ್ತಿನಲ್ಲಿ ಸಾಗರದಲ್ಲಿ ಕುಳಿತವರಿಗೂ ಮುಂಬಯಿಯಲ್ಲಿ ಕುಳಿತವರಿಗೂ ಒಟ್ಟಿಗೇ ಚಿತ್ರ ನಿಲ್ಲುತ್ತದೆ.

ಪಕ್ಕದ ಲೈವ್ ಚಾಟ್ ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಹತ್ತು ಜನ ಒಂದೇ ಸಮಯಕ್ಕೆ ‘ನಿಂತಿತು’ ಎಂದು ಬರೆದಿದ್ದರೆ ದೋಷ ನಿಮ್ಮ ಮನೆಯದಲ್ಲ.

ಮೈಸೂರು ಮೇಷ್ಟ್ರು | 11:58

ಕರಾವಳಿಯವರು ಹೇಳಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಮುದ್ರಿತ ವಿಡಿಯೊ ಆದರೆ ಆ್ಯಪ್ ಮುಂದಿನ ಭಾಗವನ್ನು ಮೊದಲೇ ಇಳಿಸಿ ಕೂಡಿಟ್ಟುಕೊಳ್ಳಬಹುದು, ನಡುವೆ ಅರ್ಧ ನಿಮಿಷ ಸಂಪರ್ಕ ಕೆಟ್ಟರೂ ನೋಡುಗರಿಗೆ ಗೊತ್ತಾಗುವುದಿಲ್ಲ. ನೇರಪ್ರಸಾರದಲ್ಲಿ ಮುಂದಿನ ಕ್ಷಣ ಇನ್ನೂ ಹುಟ್ಟಿಯೇ ಇರುವುದಿಲ್ಲ, ಕೂಡಿಡುವುದಾದರೂ ಏನನ್ನು? ಹಾಗಾಗಿ ನೇರಪ್ರಸಾರಕ್ಕೆ ಸಣ್ಣ ಅಡ್ಡಿಯೂ ಕಾಣಿಸಿಕೊಳ್ಳುತ್ತದೆ. ಸಾಗರದವರು ಒಂದು ಹಳೆಯ, ಮುದ್ರಿತ ಆಟವನ್ನೂ ಅದೇ ಹೊತ್ತಿನಲ್ಲಿ ಹಾಕಿ ನೋಡುವುದು ಒಳ್ಳೆಯದು. ಅದೂ ನಿಂತರೆ ಆಟದ ಬಯಲಿನ ಮೇಲಿನ ಅನುಮಾನವನ್ನು ಬಿಡಬಹುದು.

ಕಂಬದ ಮೇಲಿನ ಕೆಲಸ | ಸೋಮವಾರ, ಬೆಳಿಗ್ಗೆ 6:40

ನಾನು ಫೈಬರ್ ಎಳೆಯುವ, ತುಂಡಾದ ಎಳೆಗಳನ್ನು ಬೆಸೆಯುವ (ಸ್ಪ್ಲೈಸಿಂಗ್) ಕೆಲಸದವನು, ಕ್ಷೇತ್ರ ಚಿಕ್ಕಮಗಳೂರು ಜಿಲ್ಲೆ. ಎರಡನೆಯ ತುಂಡಿನ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಮನೆಯ ಫೈಬರ್ ಡಬ್ಬಿಯ ಸೆಟ್ಟಿಂಗ್ಸ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಅಂಕಿ ಇರುತ್ತದೆ, ಮನೆಗೆ ತಲುಪುವ ಬೆಳಕಿನ ಬಲ ಎಷ್ಟೆಂದು ಡಿಬಿಎಂ ಎಂಬ ಅಳತೆಯಲ್ಲಿ ಹೇಳುವುದು. ಅದು ಋಣ ಸಂಖ್ಯೆ. -15ರಿಂದ -25ರ ನಡುವೆ ಇದ್ದರೆ ಚಿಂತೆ ಬೇಡ. -27 ದಾಟಿದರೆ ಬೆಳಕು ತೀರ ಮಂಕಾಗಿದೆ ಎಂದರ್ಥ, ಸಂಪರ್ಕ ಪದೇ ಪದೇ ಕಡಿಯುತ್ತದೆ. ಪೂರ್ತಿ ತುಂಡಾದರೆ ‘ಲಾಸ್’ ದೀಪ ಕೆಂಪಗೆ ಹತ್ತುತ್ತದೆ.

ಮಲೆನಾಡಿನಲ್ಲಿ ಅಡಿಕೆಯ ಸೋಗೆ ತಂತಿಯ ಮೇಲೆ ಬಿದ್ದು ಜೋತಾಡುವುದು, ಮಂಗಗಳು ನೇತಾಡುವುದು, ರಸ್ತೆ ಅಗಲ ಮಾಡುವ ಜೆಸಿಬಿ ಒಂದೇ ಎಳೆತಕ್ಕೆ ಎತ್ತಿಹಾಕುವುದು ನಮಗೆ ನಿತ್ಯದ ಅನುಭವ. ಮನೆಯೊಳಗೂ ಹಾಗೆಯೇ. ಡಬ್ಬಿಗೆ ಬರುವ ಹಳದಿ ಫೈಬರ್ ವೈರನ್ನು (ಪ್ಯಾಚ್ ಕಾರ್ಡ್) ಮೊಳೆಗೆ ಸುತ್ತಿ ಗಂಟು ಹಾಕಿದಂತೆ ಬಿಟ್ಟಿರುತ್ತಾರೆ. ಗಾಜಿನ ಎಳೆ ಚೂಪಾಗಿ ಬಾಗಿದರೆ ಬೆಳಕು ಆ ಬಾಗಿನಲ್ಲಿಯೇ ಹೊರಗೆ ಸೋರುತ್ತದೆ. ಕನಿಷ್ಠ ಒಂದು ಟೀ ಲೋಟದ ಬಾಯಿಯಷ್ಟು ಅಗಲದ ಸುರುಳಿ ಇರಲಿ.

ಇನ್ನು ರಾತ್ರಿ ಮಾತ್ರ ನಿಧಾನವಾಗುವುದಕ್ಕೆ ಹೊರಗಿನ ಕಾರಣವೂ ಇರಬಹುದು. ಮನೆಗಳಿಗೆ ಫೈಬರ್ ಹಂಚುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್‌ನ ಒಂದೇ ಎಳೆಯನ್ನು ಸ್ಪ್ಲಿಟರಿನಲ್ಲಿ ಒಡೆದು 32 ಅಥವಾ 64 ಮನೆಗಳಿಗೆ ಹಂಚುತ್ತೇವೆ. ಹಳ್ಳಿಯ ಕಡೆ ಆ ಎಳೆ ತುಂಬುವುದು ಅಪರೂಪ. ಅದರ ಹಿಂದೆ ಆಪರೇಟರ್ ತೆಗೆದುಕೊಂಡಿರುವ ಮುಖ್ಯ ಸಂಪರ್ಕವೇ ಚಿಕ್ಕದಿದ್ದರೆ, ಎಲ್ಲರೂ ಊಟ ಮುಗಿಸಿ ಟಿವಿ ಹಾಕುವ ಹೊತ್ತಿಗೆ ಅದು ತುಂಬಿಹೋಗುತ್ತದೆ. ಕೇಬಲ್ ಸಿಕ್ಕಿಸಿದ ಲ್ಯಾಪ್‌ಟಾಪಿನಲ್ಲಿಯೂ ರಾತ್ರಿ ವೇಗ ಕಡಿಮೆ ಬಂದರೆ ಇದನ್ನೇ ಅನುಮಾನಿಸಿ, ದಿನಾಂಕ ಮತ್ತು ಸಮಯ ಕಾಣುವಂತೆ ಫೋಟೊ ತೆಗೆದು ದೂರಿನ ಜೊತೆ ಕೊಡಿ.

ದುಬೈ ಕನ್ನಡಿಗ | 8:15

ನಮ್ಮ ಊರು ಉಡುಪಿಯ ಹತ್ತಿರ, ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಕಳೆದ ವರ್ಷ ಅವರ ಟಿವಿಯಲ್ಲೂ ಇದೇ ತೊಂದರೆ ಇತ್ತು, ಫೋನಿನಲ್ಲಿ ಕೇಳಿ ಕೇಳಿ ಮೂರು ತಿಂಗಳು ಕಳೆದರೂ ನನಗೆ ಕಾರಣ ಹೊಳೆಯಲಿಲ್ಲ. ರಜೆಗೆ ಹೋದಾಗ ಟಿವಿಯ ಹಿಂದೆ ಕೈ ಹಾಕಿದೆ. ಸ್ಟ್ರೀಮಿಂಗ್ ಸ್ಟಿಕ್ ಕೈ ಸುಡುವಷ್ಟು ಬಿಸಿಯಾಗಿತ್ತು, ಮೇಲಾಗಿ ಅದಕ್ಕೆ ವಿದ್ಯುತ್ತನ್ನು ಟಿವಿಯ ಯುಎಸ್‌ಬಿ ಕಿಂಡಿಯಿಂದ ಕೊಟ್ಟಿದ್ದರು. ಹಳೆಯ ಟಿವಿಗಳ ಆ ಕಿಂಡಿಯಿಂದ ಸಿಗುವುದು ಅರ್ಧ ಆಂಪಿಯರ್ ಅಷ್ಟೇ. ಸ್ಟಿಕ್ಕಿನ ಜೊತೆ ಬಂದಿದ್ದ ಅಡಾಪ್ಟರ್ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಅದನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ಪೆಟ್ಟಿಗೆಯಲ್ಲಿದ್ದ ಗಿಡ್ಡ ಎಚ್‌ಡಿಎಂಐ ತುಂಡನ್ನು ಸೇರಿಸಿ ಸ್ಟಿಕ್ಕನ್ನು ಟಿವಿಯ ಬೆನ್ನಿನಿಂದ ಸ್ವಲ್ಪ ಹೊರಗೆ ತಂದೆ. ಅಂದಿನಿಂದ ಈವರೆಗೆ ಅಪ್ಪನಿಂದ ಆ ವಿಷಯದಲ್ಲಿ ಫೋನ್ ಬಂದಿಲ್ಲ.

ಬಡಾವಣೆ ಬಸವ | 8:32

ಡಿಎನ್‌ಎಸ್ ಬದಲಾಯಿಸಿ. 1.1.1.1 ಹಾಕಿದ ಮೇಲೆ ನಮ್ಮ ಮನೆಯ ವೇಗ ಎರಡು ಪಟ್ಟಾಯಿತು.

ಜಾಲದ ಕೆಲಸದವನು | 8:50

ಬಸವ ಅವರೇ, ಡಿಎನ್‌ಎಸ್ ಎಂದರೆ ಹೆಸರನ್ನು ವಿಳಾಸಕ್ಕೆ ಬದಲಾಯಿಸಿ ಹೇಳುವ ಕೈಪಿಡಿ ಮಾತ್ರ. ವಿಡಿಯೊ ಅದರ ಮೂಲಕ ಹರಿಯುವುದಿಲ್ಲ, ಆದ್ದರಿಂದ ವೇಗ ಎರಡು ಪಟ್ಟಾಗುವುದೂ ಇಲ್ಲ. ಆದರೂ ನಿಮ್ಮ ಅನುಭವವನ್ನು ತಳ್ಳಿಹಾಕುತ್ತಿಲ್ಲ. ಕೆಲವು ಸೇವೆಗಳು ಡಿಎನ್‌ಎಸ್ ಎಲ್ಲಿಂದ ಕೇಳಿತು ಎಂಬುದನ್ನು ನೋಡಿ ಹತ್ತಿರದ ಸರ್ವರನ್ನು ಕೊಡುತ್ತವೆ, ಹಾಗಾಗಿ ಬದಲಾಯಿಸಿದಾಗ ಸರ್ವರ್ ಬದಲಾಗಿ ಕೆಲವರಿಗೆ ಒಳ್ಳೆಯದಾಗುತ್ತದೆ, ಇನ್ನು ಕೆಲವರಿಗೆ ದೂರದ ಸರ್ವರ್ ಸಿಕ್ಕಿ ಕೆಡುತ್ತದೆ. ರಾತ್ರಿ ಎಂಟರಿಂದ ಹತ್ತೂವರೆಯವರೆಗೆ ಮಾತ್ರ ಕಾಡುವ ದೋಷಕ್ಕೆ ಅದು ಮದ್ದಲ್ಲ.

ತುಮಕೂರು ಗೃಹಿಣಿ | 10:21

ಎಂಟು ಗಂಟೆಗೆ ಅಡುಗೆಮನೆಯಲ್ಲಿ ಮೈಕ್ರೋವೇವ್ ಓವನ್ ಹಾಕುತ್ತಾರೆಯೇ ಎಂದು ಕೇಳಿ ನೋಡಿ. ನಮ್ಮ ಮನೆಯಲ್ಲಿ ಊಟ ಬಿಸಿ ಮಾಡುವ ಎರಡು ನಿಮಿಷ ಕಳೆಯುವವರೆಗೆ ಧಾರಾವಾಹಿ ನಿಲ್ಲುತ್ತಿತ್ತು. ನಮ್ಮ ಟಿವಿಯ ವೈಫೈನಂತೆ ಓವನ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿಯೇ ಎಂದು ಮಗಳು ಹೇಳಿದ ಮೇಲೆ ನನಗೆ ಅರ್ಥವಾಯಿತು. ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದ್ದೇವೆ, ಈಗ ಓವನ್ ತಿರುಗುತ್ತಿದ್ದರೂ ಧಾರಾವಾಹಿ ಓಡುತ್ತದೆ.

ಸಾಗರದ ಮನೆ | ಸೋಮವಾರ, ರಾತ್ರಿ 9:40

ಎಲ್ಲರೂ ಇಷ್ಟು ಆಸ್ಥೆಯಿಂದ ಬರೆದಿದ್ದೀರಿ, ತುಂಬಾ ಉಪಕಾರವಾಯಿತು. ನಮ್ಮಲ್ಲಿ ಓವನ್ ಇಲ್ಲ ಮೇಡಂ, ಒಲೆಯೇ. ಇವತ್ತು ಎಂಟೂಕಾಲಿಗೆ ಅಳೆದ ಅಂಕಿಗಳನ್ನು ಕೊಡುತ್ತಿದ್ದೇನೆ.

ಕೇಬಲ್ ಹಾಕಿದ ಲ್ಯಾಪ್‌ಟಾಪಿನಲ್ಲಿ 94 ಎಂಬಿಪಿಎಸ್, ಮೂರು ಸಲವೂ ಅಷ್ಟೇ. ಆರ್‌ಎಕ್ಸ್ ಪವರ್ -21. ಟಿವಿಯಲ್ಲಿ ಮೊದಲ ಸಲ 6, ಎರಡನೆಯ ಸಲ 2.1, ಮೂರನೆಯ ಸಲ ಪರೀಕ್ಷೆಯೇ ಮುಗಿಯಲಿಲ್ಲ. ಎರಡು ವರ್ಷ ಹಳೆಯ ಒಂದು ಆಟದ ವಿಡಿಯೊವನ್ನೂ ಹಾಕಿದೆ, ಅದೂ ನಿಂತಿತು. ಮಧ್ಯಾಹ್ನ ಇದೇ ಟಿವಿಯಲ್ಲಿ 28 ಬಂದಿತ್ತು.

ಮನೆಯ ಸ್ಥಿತಿಯನ್ನೂ ಹೇಳುತ್ತೇನೆ. ರೂಟರ್ ಇರುವುದು ಜಗುಲಿಯಲ್ಲಿ, ಟಿವಿ ಇರುವುದು ಒಳಗಿನ ನಡುಮನೆಯಲ್ಲಿ. ನಡುವೆ ಎರಡು ಗೋಡೆ, ಎರಡೂ ಜಂಬಿಟ್ಟಿಗೆಯವು, ಒಂದೂವರೆ ಅಡಿ ದಪ್ಪ. ಟಿವಿ 2018ರಲ್ಲಿ ಕೊಂಡದ್ದು, ಅದಕ್ಕೆ 5 ಗಿಗಾಹರ್ಟ್ಸ್ ವೈಫೈ ಕಾಣಿಸುವುದೇ ಇಲ್ಲ.

ಮೈಸೂರು ಮೇಷ್ಟ್ರು | 9:52

ಹಾಗಾದರೆ ಹೊರಗಿನ ಎರಡು ತುಂಡುಗಳೂ ನಿರಪರಾಧಿಗಳು. 100ರ ಲ್ಯಾನ್ ಪೋರ್ಟಿನಲ್ಲಿ 94 ಬಂದರೆ ಅದು ಪೂರ್ತಿ ವೇಗ ಬಂದಂತೆಯೇ. ಮನೆಯೊಳಗಿನ ವೈಫೈನಲ್ಲಿಯೇ ದೋಷವಿದೆ.

ಹುಬ್ಬಳ್ಳಿ ಅಂಗಡಿ | 9:58

ಒಪ್ಪಿದೆ, ಪ್ಲಾನ್ ಏರಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎರಡು ಗೋಡೆಯ ನಡುವೆ ಒಂದು ರಿಪೀಟರ್ ಸಿಕ್ಕಿಸಿದರೆ ಮುಗಿಯಿತು.

ಜಾಲದ ಕೆಲಸದವನು | 10:09

ಅವಸರ ಬೇಡ. ಸಾಮಾನ್ಯ ರಿಪೀಟರ್ ಕೇಳಿಸಿಕೊಂಡದ್ದನ್ನು ಅದೇ ಚಾನೆಲಿನಲ್ಲಿ (ವೈಫೈನ ಅದೇ ತರಂಗಾಂತರದ ಪಟ್ಟಿಯಲ್ಲಿ) ಮತ್ತೊಮ್ಮೆ ಹೇಳುತ್ತದೆ, ಅಂದರೆ ಒಂದೇ ಮಾತಿಗೆ ಎರಡು ಸಲ ಸಮಯ ಖರ್ಚಾಗುತ್ತದೆ. ಸಿಗ್ನಲ್ ತಲುಪುವ ದೂರ ಹೆಚ್ಚಿದರೂ ವೇಗ ಅರ್ಧಕ್ಕೆ ಇಳಿಯುವುದುಂಟು.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಗೋಡೆ ದೀಪಾವಳಿಗೆ ಮೊದಲೂ ಇತ್ತು, ಮಧ್ಯಾಹ್ನವೂ ಇರುತ್ತದೆ. ಮಧ್ಯಾಹ್ನ ಅದೇ ಗೋಡೆಯನ್ನು ದಾಟಿ 28 ಬರುತ್ತದೆಯಾದರೆ, ಐದು ವಾರಗಳಿಂದ ರಾತ್ರಿ ಎಂಟರ ಹೊತ್ತಿಗೆ ಅಲ್ಲಿ ಹೊಸದಾಗಿ ಮಾತನಾಡಲು ಶುರುಮಾಡುತ್ತಿರುವವರು ಯಾರು? ರೂಟರಿನ ಪುಟದಲ್ಲಿ, ಸಾಮಾನ್ಯವಾಗಿ ಅದು 192.168.1.1, ಸಂಪರ್ಕದಲ್ಲಿರುವ ಉಪಕರಣಗಳ ಪಟ್ಟಿ ಇರುತ್ತದೆ. ಅದನ್ನು ಓದಿ ಹೇಳುತ್ತೀರಾ? ಅಕ್ಕಪಕ್ಕದಲ್ಲಿ ಬೇರೆ ಮನೆಯ ವೈಫೈಗಳು ಕಾಣಿಸುತ್ತವೆಯೇ ಎಂದೂ ತಿಳಿಸಿ. ನಗರಗಳ ಅಪಾರ್ಟ್‌ಮೆಂಟುಗಳಲ್ಲಿ 1, 6, 11 ಎಂಬ ಮೂರು ಚಾನೆಲುಗಳಿಗೆ ಮೂವತ್ತು ಮನೆಗಳು ಮುಗಿಬೀಳುವುದೇ ರಾತ್ರಿಯ ಬಫರಿಂಗಿಗೆ ದೊಡ್ಡ ಕಾರಣ.

ಸಾಗರದ ಮನೆ | 10:26

ಹತ್ತಿರದ ಮನೆ ತೋಟದಾಚೆ, ಕಾಲು ಮೈಲಿ ದೂರದಲ್ಲಿದೆ. ಬೇರೆ ವೈಫೈ ಯಾವುದೂ ಕಾಣಿಸುವುದಿಲ್ಲ.

ಪಟ್ಟಿಯಲ್ಲಿ ಮೂರು ಮೊಬೈಲ್, ಲ್ಯಾಪ್‌ಟಾಪ್, ಟಿವಿ ಇವೆ. ಇನ್ನೆರಡು ಅಂಗಳದ ಸಿಸಿ ಕ್ಯಾಮೆರಾಗಳು. ಕೊಯ್ಲು ಶುರುವಾದ ಮೇಲೆ ಒಣಗಲು ಹಾಕಿದ ಅಡಿಕೆಯ ಕಾವಲಿಗೆಂದು ತಮ್ಮ ಹಾಕಿಸಿದ್ದು, ಒಂದು ಅಂಗಳದ ಮೂಲೆಯ ಕಂಬದಲ್ಲಿದೆ, ಇನ್ನೊಂದು ಅಡಿಕೆ ಬೇಯಿಸುವ ಒಲೆಯ ಮಾಡಿನ ಕೆಳಗೆ. ಯಾರಾದರೂ ಅಲುಗಾಡಿದರೆ ಮಾತ್ರ ಮುದ್ರಿಸಿ ಕ್ಲೌಡಿಗೆ ಕಳುಹಿಸುತ್ತವೆ. ರಾತ್ರಿ ಎಂಟರಿಂದ ಹತ್ತೂವರೆಯವರೆಗೆ ಅದೇ ಮಾಡಿನ ಕೆಳಗೆ ಎಂಟ್ಹತ್ತು ಜನ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾರೆ…

ಈ ಸಾಲನ್ನು ಬರೆಯುತ್ತಿರುವಾಗಲೇ ನನಗೆ ಹೊಳೆಯುತ್ತಿದೆ. ಸುಲಿಯುವ ಕೈಗಳು ಎರಡೂವರೆ ಗಂಟೆ ಒಂದು ಕ್ಷಣವೂ ನಿಲ್ಲುವುದಿಲ್ಲವಲ್ಲ.

ಜಾಲದ ಕೆಲಸದವನು | 10:30

ನಾಳೆ ಎಂಟೂವರೆಗೆ ಎರಡೂ ಕ್ಯಾಮೆರಾಗಳನ್ನು ಆರಿಸಿ, ಟಿವಿಯಲ್ಲಿ ಅಳೆಯಿರಿ. ಆಮೇಲೆ ಒಂದನ್ನು ಹಾಕಿ ಅಳೆಯಿರಿ, ಆಮೇಲೆ ಎರಡನ್ನೂ ಹಾಕಿ ಅಳೆಯಿರಿ.

ಬಡಾವಣೆ ಬಸವ | 10:44

ಇದು ಸರಿಯಾದ ತರ್ಕವೆಂದು ನನಗೆ ಅನ್ನಿಸುತ್ತಿಲ್ಲ. ಒಂದು ಕ್ಯಾಮೆರಾ ಕಳುಹಿಸುವುದು ಹೆಚ್ಚೆಂದರೆ 2 ಎಂಬಿಪಿಎಸ್. ಎರಡು ಸೇರಿ 4. ಅದೂ ಮೇಲಕ್ಕೆ ಹೋಗುವುದು, ಟಿವಿಗೆ ಬೇಕಾದದ್ದು ಕೆಳಕ್ಕೆ ಬರುವುದು. 28ರಲ್ಲಿ 4 ಕಳೆದರೆ 24 ಉಳಿಯಬೇಕಲ್ಲವೇ?

ಜಾಲದ ಕೆಲಸದವನು | 11:12

ಬಸವ ಅವರೇ, ಬಹಳ ಒಳ್ಳೆಯ ಪ್ರಶ್ನೆ. ಇದು ಅರ್ಥವಾದರೆ ಮನೆಯ ವೈಫೈನ ಅರ್ಧ ತೊಂದರೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಫೈಬರಿನಲ್ಲಿ ಮೇಲಕ್ಕೆ ಹೋಗುವ ದಾರಿ ಬೇರೆ, ಕೆಳಕ್ಕೆ ಬರುವ ದಾರಿ ಬೇರೆ. ವೈಫೈನಲ್ಲಿ ಹಾಗಿಲ್ಲ. ಒಂದು ಚಾನೆಲ್ ಎಂದರೆ ಒಂದೇ ಮೈಕ್ ಇರುವ ಸಭೆ. ರೂಟರೂ ಟಿವಿಯೂ ಕ್ಯಾಮೆರಾಗಳೂ ಸರದಿಯ ಮೇಲೆ ಅದೇ ಮೈಕನ್ನು ಹಿಡಿಯಬೇಕು. ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿರುವ ಉಪಕರಣ ತನ್ನ ಮಾತನ್ನು ಬೇಗ ಮುಗಿಸಿ ಮೈಕ್ ಬಿಡುತ್ತದೆ. ದೂರದ ಕಂಬದ ಮೇಲಿರುವ ಕ್ಯಾಮೆರಾಕ್ಕೆ ಸಿಗ್ನಲ್ ಕ್ಷೀಣ, ಹಾಗಾಗಿ ಅದು ಅಕ್ಷರ ಅಕ್ಷರ ಬಿಡಿಸಿ, ನಿಧಾನವಾಗಿ ಹೇಳುತ್ತದೆ, ಕೇಳಿಸದಿದ್ದರೆ ಮತ್ತೊಮ್ಮೆ ಹೇಳುತ್ತದೆ. ಅದರ ಮತ್ತು ರೂಟರಿನ ನಡುವಿನ ಕೊಂಡಿಯ ವೇಗ 6 ಎಂಬಿಪಿಎಸ್‌ಗೆ ಇಳಿದಿದೆ ಎಂದುಕೊಳ್ಳಿ. ಆಗ 2 ಎಂಬಿಪಿಎಸ್ ವಿಡಿಯೊ ಕಳುಹಿಸಲು ಪ್ರತಿ ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ಎರಡು ಕ್ಯಾಮೆರಾಗಳಿಗೆ ಮೂರರಲ್ಲಿ ಎರಡು ಭಾಗ. ಮರುಕಳುಹಿಸುವಿಕೆಯನ್ನೂ, ಮಾತಿನ ನಡುವೆ ಬಿಡಬೇಕಾದ ಅಂತರವನ್ನೂ ಸೇರಿಸಿದರೆ ಟಿವಿಯ ಪಾಲಿಗೆ ಚೂರುಪಾರು ಸಮಯ ಉಳಿಯುತ್ತದೆ. ಕಳೆಯಬೇಕಾದದ್ದು ಸಮಯವನ್ನೇ ಹೊರತು ಎಂಬಿಪಿಎಸ್ ಅನ್ನು ಅಲ್ಲ, ನಿಮ್ಮ ಲೆಕ್ಕ ತಪ್ಪಿದ್ದು ಅಲ್ಲಿ.

ಕೇಬಲಿನ ಲ್ಯಾಪ್‌ಟಾಪಿಗೆ 94 ಬಂದದ್ದೂ ಇದರಿಂದಲೇ, ಅದಕ್ಕೆ ಆ ಮೈಕಿನ ಹಂಗಿಲ್ಲ. ಜಗುಲಿಯ ಮೊಬೈಲಿಗೆ ಬೆಳಿಗ್ಗೆ 92 ಬಂದಿತ್ತೆಂದರೆ, ಅದು ಬಹುಶಃ ಕ್ಯಾಮೆರಾಗಳಿಲ್ಲದ 5 ಗಿಗಾಹರ್ಟ್ಸ್‌ನ ಇನ್ನೊಂದು ಸಭೆಯಲ್ಲಿತ್ತು.

ಬಡಾವಣೆ ಬಸವ | 11:20

ಈಗ ಸ್ಪಷ್ಟವಾಯಿತು. ನಮ್ಮ ಮನೆಯ ತಾರಸಿಯ ಕ್ಯಾಮೆರಾವನ್ನೂ ನಾಳೆ ನೋಡುತ್ತೇನೆ.

ಹೊಸ ಸದಸ್ಯ | ಮಂಗಳವಾರ, ಮಧ್ಯಾಹ್ನ 1:05

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮಲ್ಲಿ ವರ್ಷಕ್ಕೆ ಒಂದು ಸಲ ಹಣ ಕೊಟ್ಟರೆ ಎಲ್ಲ ದೇಶದ ಎಲ್ಲ ಚಾನೆಲ್ ಬರುವ ಒಂದು ಬಾಕ್ಸ್ ಹಾಕಿಸಿದ್ದೇವೆ. ಯೂಟ್ಯೂಬ್ ನಿಲ್ಲುವುದಿಲ್ಲ, ಅದು ಮಾತ್ರ ಕ್ರಿಕೆಟ್ ಇರುವ ದಿನ ನಿಲ್ಲುತ್ತದೆ. ಯಾವ ರೂಟರ್ ಕೊಳ್ಳಬೇಕು?

ಮೈಸೂರು ಮೇಷ್ಟ್ರು | 1:30

ಯಾವ ರೂಟರನ್ನೂ ಕೊಳ್ಳಬೇಡಿ. ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಯೂಟ್ಯೂಬ್ ಓಡಿ ಅದೊಂದೇ ನಿಂತರೆ ದೋಷ ಅದರ ಸರ್ವರಿನದು. ಪರವಾನಗಿ ಪಡೆದ ದೊಡ್ಡ ಸೇವೆಗಳು ತಮ್ಮ ವಿಡಿಯೊವನ್ನು ಸಂಪರ್ಕ ಕೊಡುವವರ ಜಾಲದೊಳಗೇ ಇಟ್ಟ ಸರ್ವರುಗಳಿಂದ ಕಳುಹಿಸುತ್ತವೆ. 2023ರ ಕ್ರಿಕೆಟ್ ವಿಶ್ವಕಪ್ ಫೈನಲಿನ ದಿನ ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡುತ್ತಿದ್ದರು, ಅಷ್ಟು ಭಾರ ಹೊರಲು ಅಂತಹ ಏರ್ಪಾಡು ಬೇಕು. ಕದ್ದ ಚಾನೆಲುಗಳನ್ನು ಮಾರುವವರಿಗೆ ಅದು ಇರುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ಆ ಬಾಕ್ಸನ್ನು ಬಿಡುವುದು ನಿಮಗೆ ಕ್ಷೇಮ.

ಸಾಗರದ ಮನೆ | ಮಂಗಳವಾರ, ರಾತ್ರಿ 9:15

ಎರಡೂ ಕ್ಯಾಮೆರಾ ಆರಿಸಿದಾಗ ಟಿವಿಯಲ್ಲಿ 27. ಒಲೆಯ ಮಾಡಿನದನ್ನು ಮಾತ್ರ ಹಾಕಿದಾಗ 11. ಎರಡನ್ನೂ ಹಾಕಿದಾಗ 3.

ಐದು ವಾರ ಬೇರೆಯವರನ್ನು ದೂರಿದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಗಿದೆ, ನಾಳೆ ಆ ಹುಡುಗನಿಗೆ ಫೋನ್ ಮಾಡಿ ಹೇಳುತ್ತೇನೆ. ಈಗ ಏನು ಮಾಡಬೇಕೆಂದು ತಿಳಿಸಿ. ಅಡಿಕೆಯ ಬೆಲೆ ನೋಡಿದರೆ ಕ್ಯಾಮೆರಾ ತೆಗೆಯುವಂತಿಲ್ಲ, ಅಮ್ಮನ ಮುಖ ನೋಡಿದರೆ ಟಿವಿ ಬಿಡುವಂತಿಲ್ಲ.

ಜಾಲದ ಕೆಲಸದವನು | 9:33

ಟಿವಿಗೆ ಕೇಬಲ್ ಎಳೆಯಿರಿ. ಅದರ ಬೆನ್ನಿನಲ್ಲಿ ಲ್ಯಾನ್ ಕಿಂಡಿ ಸಾಮಾನ್ಯವಾಗಿ ಇರುತ್ತದೆ, ಬಹಳಷ್ಟು ಟಿವಿಗಳಲ್ಲಿ ಅದು 100 ಎಂಬಿಪಿಎಸ್‌ನದು, 4ಕೆಗೂ ಧಾರಾಳ. ಲ್ಯಾನ್ ಕೇಬಲ್ 100 ಮೀಟರ್ ವರೆಗೆ ನಡೆಯುತ್ತದೆ. ಕ್ಯಾಟ್ 6 ಎಂಬ ಬಗೆಯ ಲ್ಯಾನ್ ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದು ಎಂದು ಬರೆದಿರುವುದನ್ನೇ ಕೇಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಅಂಗಡಿಗಳಲ್ಲಿ ತುಂಬಿದೆ, ಬಾಗಿಸಿದರೆ ಮುರಿಯುತ್ತದೆ.

ತುಮಕೂರು ಗೃಹಿಣಿ | 9:41

ಅಟ್ಟದ ಮೇಲೆ ಎಳೆಯುವುದಾದರೆ ಇಲಿಯ ಬಗ್ಗೆ ಎಚ್ಚರವಿರಲಿ. ನಮ್ಮ ತವರಿನಲ್ಲಿ ಆರು ತಿಂಗಳಿಗೆ ಎರಡು ಸಲ ಕಡಿದಿವೆ.

ಕಂಬದ ಮೇಲಿನ ಕೆಲಸ | 9:50

ಮುಕ್ಕಾಲು ಇಂಚಿನ ಪಿವಿಸಿ ಪೈಪಿನೊಳಗೆ ಹಾಕಿ, ಬಾಯಿಗಳನ್ನು ಮುಚ್ಚಿದರೆ ಇಲಿ ಮುಟ್ಟುವುದಿಲ್ಲ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಮಾತ್ರ ಸೇರಿಸಬೇಡಿ.

ಹುಬ್ಬಳ್ಳಿ ಅಂಗಡಿ | 9:57

ಅಂಗಳದ ಕ್ಯಾಮೆರಾಕ್ಕೂ ಅದೇ ಕೇಬಲ್ ಎಳೆದುಬಿಟ್ಟರೆ ವೈಫೈಯೇ ಖಾಲಿಯಾಗುತ್ತದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಕಂಬದ ಮೇಲಿನ ಕೆಲಸ | 10:06

ಹುಬ್ಬಳ್ಳಿಯವರೇ, ಮಲೆನಾಡಿನಲ್ಲಿ ಹಾಗೆ ಮಾಡಲು ನಾನು ಹೇಳುವುದಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಬಯಲಿನಲ್ಲಿ ಎಳೆದ ತಾಮ್ರದ ತಂತಿ ಆ ಹೊಡೆತವನ್ನು ನೇರವಾಗಿ ರೂಟರಿಗೆ, ಅಲ್ಲಿಂದ ಟಿವಿಗೆ ತರುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಒಂದೇ ಸಂಜೆ ನಾಲ್ಕು ಮನೆಗಳಲ್ಲಿ ಲ್ಯಾನ್ ಪೋರ್ಟುಗಳು ಕಪ್ಪಾಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಕಟ್ಟಡದಿಂದ ಹೊರಗೆ ಹೋಗುವುದಾದರೆ ಫೈಬರ್ ಎಳೆದು ಎರಡೂ ತುದಿಗೆ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಡಬ್ಬಿ (ಮೀಡಿಯಾ ಕನ್ವರ್ಟರ್) ಹಾಕಬೇಕು. ಅಷ್ಟು ಖರ್ಚು ಬೇಡವೆಂದರೆ ಕ್ಯಾಮೆರಾದಲ್ಲಿಯೇ ಮೆಮೊರಿ ಕಾರ್ಡ್ ಹಾಕಿ, ಕ್ಲೌಡಿಗೆ ಹೋಗುವುದನ್ನು ಜನ ಮಲಗಿದ ಮೇಲಿನ ಹೊತ್ತಿಗೆ ಮಾತ್ರ ಇಡಿ. ಹತ್ತು ಜನ ಕುಳಿತು ಸುಲಿಯುತ್ತಿರುವಾಗ ಕಳ್ಳರು ಬರುವುದಿಲ್ಲ.

ಸಾಗರದ ಮನೆ | ಶನಿವಾರ, ರಾತ್ರಿ 11:37

ಬುಧವಾರ ಸಾಗರದ ಪೇಟೆಯಿಂದ 20 ಮೀಟರ್ ಕ್ಯಾಟ್ 6 ತಂದು, ತಮ್ಮನೂ ನಾನೂ ಸೇರಿ ಜಗುಲಿಯ ಮೇಲಿನ ಅಟ್ಟದಿಂದ ಪೈಪಿನಲ್ಲಿ ಎಳೆದು ನಡುಮನೆಗೆ ಇಳಿಸಿದೆವು. ಜಂಬಿಟ್ಟಿಗೆಗೆ ತೂತು ಕೊರೆಯುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಕ್ಯಾಮೆರಾಗಳಿಗೆ 64 ಜಿಬಿಯ ಕಾರ್ಡ್ ಹಾಕಿ, ಹನ್ನೊಂದರ ನಂತರ ಮಾತ್ರ ಕ್ಲೌಡಿಗೆ ಹೋಗುವಂತೆ ಇಟ್ಟಿದ್ದೇವೆ. ಈಗ ಟಿವಿಯಲ್ಲಿ ಯಾವ ಹೊತ್ತಿನಲ್ಲಿ ಅಳೆದರೂ 90ರ ಮೇಲೆ ಬರುತ್ತದೆ. ಮೂರು ರಾತ್ರಿ ಒಂದು ಸಲವೂ ಚಕ್ರ ಕಾಣಿಸಲಿಲ್ಲ.

ಇವತ್ತು ಹತ್ತು ಗಂಟೆಗೆ ಒಮ್ಮೆ ನಿಂತಿತು. ಎದೆ ಧಸಕ್ಕೆಂದಿತು. ಕರಾವಳಿಯವರು ಹೇಳಿದ್ದು ನೆನಪಾಗಿ ಮೊಬೈಲಿನಲ್ಲಿ ಚಾಟ್ ತೆರೆದರೆ, ಶಿರಸಿಯಿಂದ ಒಬ್ಬರು, ಪುಣೆಯಿಂದ ಒಬ್ಬರು, ಬಹರೇನಿನಿಂದ ಒಬ್ಬರು, ಎಲ್ಲರೂ ನಿಂತಿತೆಂದು ಬರೆಯುತ್ತಿದ್ದರು. ರಿಮೋಟ್ ಮುಟ್ಟಬೇಡಿ ಎಂದು ಅಮ್ಮನಿಗೆ ಹೇಳಿದೆ. ನಾಲ್ಕು ನಿಮಿಷ ಕಳೆದ ಮೇಲೆ ಚಂಡೆಯ ಸದ್ದು ಮೊದಲು ಬಂತು, ಹಿಂದೆಯೇ ಚಿತ್ರವೂ ಬಂತು. ಅಂಗಳದಲ್ಲಿ ಸುಲಿತ ಮುಗಿಸಿದವರಲ್ಲಿ ಮೂವರು ಈಗ ಅಮ್ಮನ ಜೊತೆ ಕುಳಿತು ನೋಡುತ್ತಿದ್ದಾರೆ.